ಹೋಮರನ ಪ್ರಶ್ನೆ, ಮಾಚಾರಿನ ಉತ್ತರ

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟಕರು ಫೋನ್ ಮಾಡಿದಾಗ ನಾನು ಕಂಪ್ಯೂಟರಿನ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡುತ್ತೇನೆ ಎಂದು ಅವರಿಗೆ ನಿರೀಕ್ಷೆ ಇತ್ತು. ಬಿ.ಇ. ಓದಿದವನು ಬೇರೆ ಏನು ಮಾತಾಡಿಯಾನು? "ಗ್ರೀಕರ ಮಹಾಕಾವ್ಯದ ಬಗ್ಗೆ ಹೇಳುತ್ತೇನೆ" ಅಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಆಮೇಲೆ, "ಆಗಬಹುದು ಮಾರಾಯ, ಆದರೆ ಅರ್ಧ ಗಂಟೆಯಲ್ಲಿ ಮುಗಿಸು" ಅಂದರು. ಟ್ರೋಜನ್ ಎಂಬ ಹೆಸರನ್ನು ವೈರಸ್ಸಿನಿಂದಾಗಿ ಕಂಪ್ಯೂಟರಿನವರೆಲ್ಲ ಕೇಳಿರುತ್ತೇವೆ. ಅದರ ಹಿಂದಿನ ಟ್ರಾಯ್ ಪಟ್ಟಣದ ಕಥೆ ಓದಲು ಹೋಗಿ ನಾನು ಸುತ್ತಿ ಬಳಸಿ ಬಂದು ನಿಂತದ್ದು ನಮ್ಮ ಜಿಲ್ಲೆಯಲ್ಲೇ. ಹಾಗಾಗಿ ಈ ವಿಷಯ.

ಎರಡು ಸಂಖ್ಯೆಗಳಿಂದ ಶುರು ಮಾಡುತ್ತೇನೆ. ಹೋಮರನ ಇಲಿಯಡ್ ಕಾವ್ಯದಲ್ಲಿ ಈಗ ರೂಢಿಯಲ್ಲಿರುವ ಪಾಠದ ಪ್ರಕಾರ 15,693 ಸಾಲುಗಳಿವೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕ ಎಂಬ ಕೃಷಿಕರು 1990ರ ಡಿಸೆಂಬರಿನಲ್ಲಿ ತುಳುವಿನಲ್ಲಿ ಹಾಡಿದ ಸಿರಿ ಕಾವ್ಯದಲ್ಲಿ 15,683 ಸಾಲುಗಳಿವೆ. ಹತ್ತೇ ಹತ್ತು ಸಾಲು ಕಡಿಮೆ. ಅವರ ಎದುರು ಪುಸ್ತಕ ಇರಲಿಲ್ಲ. ಕೈಬರಹದ ಚೀಟಿಯೂ ಇರಲಿಲ್ಲ.

ಮೊದಲು ಇಲಿಯಡ್ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಯಕ್ಷಗಾನ ನೋಡಿದವರಿಗೆ ಇದು ಕಷ್ಟವಲ್ಲ. ಟ್ರಾಯ್ ಯುದ್ಧ ಹತ್ತು ವರ್ಷ ನಡೆಯಿತು ಎಂಬುದು ಕಥೆ. ಇಲಿಯಡ್ ಆ ಹತ್ತು ವರ್ಷವನ್ನೂ ಹೇಳುವುದಿಲ್ಲ, ಕೊನೆಯ ವರ್ಷದ ಕೆಲವೇ ವಾರಗಳನ್ನು ಹೇಳುತ್ತದೆ. ಇಡೀ ಮಹಾಭಾರತ ಬಿಟ್ಟು ಕರ್ಣಪರ್ವ ಒಂದನ್ನೇ ಬೆಳಗಿನ ತನಕ ಆಡಿದ ಹಾಗೆ. ಮರದ ಕುದುರೆ ಕೂಡ ಅದರಲ್ಲಿ ಬರುವುದಿಲ್ಲ, ಅದರ ಸುದ್ದಿ ಇರುವುದು ಒಡಿಸ್ಸಿಯಲ್ಲಿ. ಇಲಿಯಡ್ಡಿನ ವಸ್ತು ಒಂದೇ, ಅಕಿಲೀಸನ ಸಿಟ್ಟು. ಗ್ರೀಕರ ಸೇನೆಯ ದೊಡ್ಡ ದೊರೆ ಅಗಮೆಮ್ನಾನ್. ಅಕಿಲೀಸನಿಗೆ ಯುದ್ಧದ ಪಾಲಾಗಿ ಬಂದ ಬ್ರೈಸಿಸ್ ಎಂಬ ಹೆಣ್ಣನ್ನು ಅವನು ಎಲ್ಲರ ಎದುರಿನಲ್ಲಿ ಕಿತ್ತುಕೊಳ್ಳುತ್ತಾನೆ. ಅಕಿಲೀಸ್ ಆಯುಧ ಕೆಳಗಿಟ್ಟು ತನ್ನ ಬಿಡಾರದಲ್ಲಿ ಕೂರುತ್ತಾನೆ. ಗ್ರೀಕರು ಸೋಲತೊಡಗುತ್ತಾರೆ. ಅವನ ಪ್ರಾಣಸ್ನೇಹಿತ ಪೆಟ್ರೋಕ್ಲಸ್ ಅವನದೇ ಕವಚ ತೊಟ್ಟು ಹೋಗಿ ಹೆಕ್ಟರನ ಕೈಯಲ್ಲಿ ಸಾಯುತ್ತಾನೆ. ಆಮೇಲೆ ಅಕಿಲೀಸ್ ಎದ್ದು ಹೆಕ್ಟರನನ್ನು ಕೊಲ್ಲುತ್ತಾನೆ. ಹೆಕ್ಟರನ ಮುದಿ ತಂದೆ ರಾತ್ರಿಯಲ್ಲಿ ಶತ್ರುವಿನ ಬಿಡಾರಕ್ಕೆ ಬಂದು ಮಗನ ಹೆಣ ಬೇಡುತ್ತಾನೆ. ಕೊಂದವನು ಮತ್ತು ಕಳೆದುಕೊಂಡವನು ಒಟ್ಟಿಗೆ ಕೂತು ಅಳುತ್ತಾರೆ. ಹೆಕ್ಟರನ ಅಂತ್ಯಸಂಸ್ಕಾರದೊಂದಿಗೆ ಕಾವ್ಯ ಮುಗಿಯುತ್ತದೆ.

ಈ ಕಾವ್ಯ ಕನ್ನಡದವರಿಗೆ ಹೊಸದಲ್ಲ. ಕುವೆಂಪು ಶ್ರೀ ರಾಮಾಯಣ ದರ್ಶನಂ ಆರಂಭದಲ್ಲೇ ಹೋಮರನಿಗೆ ಕೈಮುಗಿದಿದ್ದಾರೆ. ಬಿ.ಎಂ.ಶ್ರೀ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಲಿಯಡ್ ಬಗ್ಗೆ ಯುರೋಪಿನ ಪಂಡಿತರನ್ನು ಕಾಡಿದ ಒಂದು ಪ್ರಶ್ನೆ ಇದೆ. ಹೋಮರನ ಪ್ರಶ್ನೆ ಎಂದೇ ಅದಕ್ಕೆ ಹೆಸರು. ಈ ಕಾವ್ಯಗಳು ಹುಟ್ಟಿದ್ದು ಸುಮಾರು ಕ್ರಿ.ಪೂ. 8ನೇ ಶತಮಾನದಲ್ಲಿ. ಗ್ರೀಕರ ಹಳೆಯ ಲಿಪಿ ಅದಕ್ಕೂ ನಾನೂರು ವರ್ಷ ಹಿಂದೆಯೇ ಮರೆತುಹೋಗಿತ್ತು, ಹೊಸ ಅಕ್ಷರಮಾಲೆ ಆಗಷ್ಟೇ ಬರುತ್ತಿತ್ತು. ಬರೆಯದೆ ಹದಿನೈದು ಸಾವಿರ ಸಾಲಿನ ಕಾವ್ಯ ಕಟ್ಟಲು ಒಬ್ಬ ಮನುಷ್ಯನಿಗೆ ಸಾಧ್ಯವೇ? 1795ರಲ್ಲಿ ಜರ್ಮನಿಯ ವುಲ್ಫ್ ಎಂಬ ಪಂಡಿತ, ಇದು ಬೇರೆ ಬೇರೆ ಚಿಕ್ಕ ಹಾಡುಗಳನ್ನು ಆಮೇಲೆ ಯಾರೋ ಹೊಲಿದು ಮಾಡಿದ್ದು ಎಂದು ವಾದಿಸಿದ. ಅಲ್ಲ, ಒಬ್ಬ ಮಹಾಕವಿಯ ಕೆಲಸವೇ ಎಂದು ಇನ್ನೊಂದು ಪಕ್ಷ. ನೂರಕ್ಕೂ ಹೆಚ್ಚು ವರ್ಷ ಕೋಣೆಯೊಳಗೆ ಕೂತು ಪುಸ್ತಕದ ಮೇಲೆ ಪುಸ್ತಕ ಬರೆದು ಜಗಳಾಡಿದರು. ಹಾಡುವ ಒಬ್ಬನನ್ನಾದರೂ ಕೇಳೋಣ ಎಂದು ಅವರಿಗೆ ಅನಿಸದೇ ಇದ್ದದ್ದು ನನಗೆ ಇವತ್ತಿಗೂ ಆಶ್ಚರ್ಯ.

ಕೇಳಲು ಹೊರಟವನು ಅಮೆರಿಕದ ಮಿಲ್ಮನ್ ಪ್ಯಾರಿ. ಹೋಮರನಲ್ಲಿ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅಕಿಲೀಸ್ ಕೂತಿದ್ದರೂ "ವೇಗದ ಕಾಲಿನ ಅಕಿಲೀಸ್". ಸೂರ್ಯೋದಯ ಆದಾಗಲೆಲ್ಲ ಉಷೆಗೆ ಗುಲಾಬಿ ಬೆರಳು. ಊಟ, ಸ್ನಾನ, ಕವಚ ತೊಡುವುದು, ಹಡಗು ನೀರಿಗಿಳಿಸುವುದು, ಎಲ್ಲದಕ್ಕೂ ಸಿದ್ಧವಾದ ಸಾಲುಗಳು. ಇದು ಕವಿಯ ಸೋಮಾರಿತನ ಅಲ್ಲ, ನಿಂತಲ್ಲೇ ಕಟ್ಟಿ ಹಾಡುವವನ ಉಪಕರಣ ಎಂದು ಪ್ಯಾರಿ ಹೇಳಿದ. 1933ರಿಂದ 1935ರ ತನಕ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ತಿರುಗಿ ಹಾಡುಗಾರರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಧ್ವನಿಮುದ್ರಿಸಿದ. ಅವ್ದೋ ಮೆಜೆದೊವಿಚ್ ಎಂಬ ಓದು ಬರಹ ಬಾರದ ರೈತ ಅವನಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಸಾಲಿನ ಒಂದೇ ಕಥೆ ಹೇಳಿದ. ಪ್ಯಾರಿ 1935ರ ಕೊನೆಗೆ ತೀರಿಕೊಂಡ, 33 ವರ್ಷಕ್ಕೆ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ.

ಇಲ್ಲಿಂದ ಕಥೆ ಫಿನ್ಲೆಂಡಿಗೆ ಹೋಗಿ ಅಲ್ಲಿಂದ ನಮ್ಮ ಊರಿಗೆ ಬರುತ್ತದೆ. ಫಿನ್ಲೆಂಡಿನವರಿಗೆ ಕಾಲೇವಾಲಾ ಎಂಬ ರಾಷ್ಟ್ರೀಯ ಮಹಾಕಾವ್ಯ ಇದೆ. ಆದರೆ ಅದು ಒಬ್ಬ ಹಾಡುಗಾರನ ಬಾಯಿಂದ ಇಡಿಯಾಗಿ ಬಂದದ್ದಲ್ಲ. ಲ್ಯೋನ್ರೂಟ್ ಎಂಬ ವೈದ್ಯ ಹಳ್ಳಿ ಹಾಡುಗಳನ್ನು ಸಂಗ್ರಹಿಸಿ ಜೋಡಿಸಿದ್ದು. ಹೀಗೆ ಜೋಡಣೆಯ ಕಾವ್ಯ ಓದಿಕೊಂಡು ಬೆಳೆದ ದೇಶದ ಜಾನಪದ ವಿದ್ವಾಂಸ ಲೌರಿ ಹೊಂಕೊ. ದೀರ್ಘ ಕಾವ್ಯ ಒಂದೇ ಬಾಯಿಯಲ್ಲಿ ಇಡಿಯಾಗಿ ಸಿಗುತ್ತದೆಯೇ ಎಂದು ಅವರು ಹುಡುಕುತ್ತಿದ್ದರು. ಉಡುಪಿಯ ಕು.ಶಿ. ಹರಿದಾಸ ಭಟ್ಟರು ಫಿನ್ಲೆಂಡಿನವರ ಜೊತೆ ಬೆಳೆಸಿದ ಸ್ನೇಹ ಅವರನ್ನು ತುಳುನಾಡಿಗೆ ತಂದಿತು. ನಮ್ಮ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಜೊತೆಯಾದರು. ಹೊಂಕೊ ಅವರ ಪತ್ನಿ ಅನೆಲಿ ಕೂಡ ತಂಡದಲ್ಲಿದ್ದರು. ಗೋಪಾಲ ನಾಯ್ಕರು ಇಡೀ ಕಾವ್ಯ ಹಾಡಿದರು, ಅದು ಪೂರ್ತಿ ಮುದ್ರಣವಾಯಿತು, ಒಂದೊಂದು ಸಾಲನ್ನೂ ಬರಹಕ್ಕಿಳಿಸಿ ಇಂಗ್ಲಿಷಿಗೆ ಅನುವಾದ ಮಾಡಿದರು. 1998ರಲ್ಲಿ ಎರಡು ಸಂಪುಟಗಳಾಗಿ ಫಿನ್ಲೆಂಡಿನಿಂದ ಪ್ರಕಟವಾಯಿತು. ಹಾಡಿದ್ದು ದಿನಗಳ ಲೆಕ್ಕದಲ್ಲಿ, ಬರಹಕ್ಕೆ ಇಳಿಸಿದ್ದು ವರ್ಷಗಳ ಲೆಕ್ಕದಲ್ಲಿ.

ನಾವು ಈ ಶಾಲೆಯಲ್ಲಿ ಓದುವಾಗ ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಕೊಣಾಜೆ ಬಸ್ಸು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆವು ನೆನಪಿದೆಯಲ್ಲ. ಆ ಬಸ್ಸು ಮುಟ್ಟುವ ಜಾಗದಲ್ಲಿ ಹೋಮರನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹತ್ತು ಸಾಲಿನ ವ್ಯತ್ಯಾಸದ ಬಗ್ಗೆ ಒಂದು ಮಾತು. ವಾಟ್ಸಾಪಿನಲ್ಲಿ ಹಾಕಲು ಅದು ಒಳ್ಳೆಯದು. ನಿಜವಾಗಿ ಅದಕ್ಕೆ ಬೆಲೆ ಇಲ್ಲ. ಹೋಮರನ ಸಾಲು ಆರು ಗಣದ ಉದ್ದ ಸಾಲು. ತುಳು ಹಾಡಿನ ಸಾಲು ಎಲ್ಲಿ ಮುಗಿಯುತ್ತದೆ ಎಂದು ತೀರ್ಮಾನಿಸುವವರು ಕೇಳಿ ಬರೆದವರು. ಅದಲ್ಲದೆ ಗೋಪಾಲ ನಾಯ್ಕರೇ ಅದಕ್ಕೂ ಮೊದಲು ಹೇಳಿ ಬರೆಸಿದ ಸಿರಿ ಇದಕ್ಕಿಂತ ಬಹಳ ಚಿಕ್ಕದಿತ್ತು. ಅದೇ ಮನುಷ್ಯ, ಅದೇ ಕಥೆ, ಉದ್ದ ಬೇರೆ. ನನಗೆ ಮುಖ್ಯ ಅನಿಸುವುದು ಇದು.

ನನ್ನ ಕೆಲಸದಲ್ಲಿ ಒಂದು ಕಡತವನ್ನು ಉಳಿಸಿಟ್ಟರೆ ನಾಳೆ ತೆರೆದಾಗ ಅಕ್ಷರ ಅಕ್ಷರ ಅದೇ ಇರಬೇಕು, ಒಂದು ಚುಕ್ಕಿ ಬದಲಾದರೂ ದೋಷ. ಹಾಡುಗಾರರ ತಲೆಯಲ್ಲಿ ಕಾವ್ಯ ಹಾಗೆ ಕಡತವಾಗಿ ಕೂತಿರುವುದಿಲ್ಲ. ಕಥೆಯ ದಾರಿ, ಪಾತ್ರಗಳು, ಮದುವೆಗೆ ಹೊರಡುವುದು, ದಂಡಿಗೆ ಏರುವುದು, ಓಲೆ ಬರೆಯುವುದು, ಎಲೆ ಅಡಿಕೆ ಕೊಡುವುದು ಇಂಥ ಸನ್ನಿವೇಶಗಳಿಗೆ ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ಮಾತಿನ ಕಟ್ಟುಗಳು, ಇವು ಇರುತ್ತವೆ. ಹೊಂಕೊ ಅದನ್ನು ಮನಸ್ಸಿನ ಪಠ್ಯ ಎಂಬ ಅರ್ಥದ ಹೆಸರಿನಿಂದ ಕರೆದರು. ಹಾಡುವ ಹೊತ್ತಿಗೆ ಕಾವ್ಯ ಮತ್ತೆ ಕಟ್ಟಿಕೊಳ್ಳುತ್ತದೆ. ಬಾಯಿಪಾಠ ಅಲ್ಲ. ಯಕ್ಷಗಾನದ ಅರ್ಥಧಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪದ್ಯ ನಾಲ್ಕು ಸಾಲು, ಅರ್ಥ ಹತ್ತು ನಿಮಿಷವೂ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು.

ನನ್ನ ಅಜ್ಜಿ ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದರು. ಅವರು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಎತ್ತಿಕೊಳ್ಳುವುದು. ಗದ್ದೆ ದೊಡ್ಡದಿದ್ದರೆ ಹಾಡು ದೊಡ್ಡದು, ಮಳೆ ಜೋರು ಬಂದರೆ ಹಾಡಿನಲ್ಲಿ ಮದುವೆ ಬೇಗ ಮುಗಿಯುತ್ತಿತ್ತು ಎಂದು ಅಮ್ಮ ನಗುತ್ತಾ ಹೇಳುತ್ತಾರೆ. ಬದುವಿನ ಆ ತುದಿ ಮುಟ್ಟುವ ತನಕ ಹಾಡು ಮುಗಿಯಬಾರದು, ಮುಟ್ಟಿದ ಮೇಲೆ ಎಳೆಯಬಾರದು. ಪ್ಯಾರಿಯ ಸಿದ್ಧಾಂತವನ್ನು ಓದಿ ಅರ್ಥ ಮಾಡಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಅಮ್ಮನ ಈ ಒಂದು ಮಾತಿನಲ್ಲಿ ಅದೆಲ್ಲ ಇತ್ತು.

ಹೇಗೆ ಕಟ್ಟುತ್ತಾರೆ ಎಂಬುದು ಒಂದು ಕಡೆ. ಏನನ್ನು ಕಟ್ಟಿದ್ದಾರೆ ಎಂಬುದು ಅದಕ್ಕಿಂತ ದೊಡ್ಡದು. ಸಿರಿಯ ಕಥೆ ಇಲ್ಲಿರುವ ಹಲವರಿಗೆ ಗೊತ್ತು. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ, ನಡುವಿನ ಎಳೆ ಮಾತ್ರ ಹೇಳುತ್ತೇನೆ. ಸತ್ಯನಾಪುರದ ಮುದುಕ ಬಿರ್ಮು ಆಳ್ವರಿಗೆ ದೈವದ ವರದಿಂದ ಸಿಕ್ಕಿದ ಹೆಣ್ಣು ಸಿರಿ. ಬಸ್ರೂರಿನ ಕಾಂತು ಪೂಂಜನಿಗೆ ಮದುವೆ ಮಾಡಿ ಕೊಡುತ್ತಾರೆ. ಸಿರಿ ಬಸುರಿ. ಬಯಕೆಯ ಸಮ್ಮಾನಕ್ಕೆ ಗಂಡ ಸೀರೆ ತರಲು ಹೋಗುತ್ತಾನೆ. ಬರುವ ದಾರಿಯಲ್ಲಿ ಸಿದ್ದು ಎಂಬವಳ ಮನೆಗೆ ಹೋಗುತ್ತಾನೆ. ಅವಳು ಆ ಸೀರೆಯನ್ನು ಒಮ್ಮೆ ಉಟ್ಟು ನೋಡಿ, ಮೊದಲಿದ್ದ ಹಾಗೆಯೇ ಮಡಚಿ ಕೊಡುತ್ತಾಳೆ. ಸೀರೆ ಹೊಸದರ ಹಾಗೆಯೇ ಇದೆ. ಸೇರಿದ ನೆಂಟರೆಲ್ಲರ ಎದುರಿನಲ್ಲಿ ಹರಿವಾಣದಲ್ಲಿ ಬಂದ ಆ ಸೀರೆಯನ್ನು ಸಿರಿ ಉಡುವುದಿಲ್ಲ.

ಈಗ ಇಲಿಯಡ್ಡಿನ ಒಂಬತ್ತನೇ ಸರ್ಗಕ್ಕೆ ಬನ್ನಿ. ಸೋಲುತ್ತಿರುವ ಅಗಮೆಮ್ನಾನ್ ಅಕಿಲೀಸನಿಗೆ ಹೇಳಿ ಕಳುಹಿಸುತ್ತಾನೆ. ಬ್ರೈಸಿಸಳನ್ನು ವಾಪಸು ಕೊಡುತ್ತೇನೆ, ಅವಳನ್ನು ಮುಟ್ಟಿಲ್ಲ ಎಂದು ಆಣೆ ಮಾಡುತ್ತೇನೆ, ಜೊತೆಗೆ ಚಿನ್ನ, ಕುದುರೆ, ಪಟ್ಟಣಗಳನ್ನೂ ಕೊಡುತ್ತೇನೆ. ಅಕಿಲೀಸ್ ಒಪ್ಪುವುದಿಲ್ಲ. ಪಂಡಿತರು ಇದರ ಬಗ್ಗೆ ಬಹಳ ಬರೆದಿದ್ದಾರೆ, ಎಲ್ಲವೂ ವಾಪಸು ಬರುತ್ತಿರುವಾಗ ಯಾಕೆ ಬೇಡ ಅಂದ ಎಂದು. ಸಿರಿಯ ಸೀರೆಯ ಕಥೆ ಕೇಳಿ ಬೆಳೆದವರಿಗೆ ಈ ಅನುಮಾನ ಬರಲಾರದು. ಮಡಿಕೆ ಎಷ್ಟು ಸರಿಯಾಗಿದ್ದರೂ ಅದು ಆ ಸೀರೆಯಲ್ಲ.

ಹಾಗಂತ ಸಿರಿ ತುಳುನಾಡಿನ ಅಕಿಲೀಸ್ ಎಂದು ನಾನು ಹೇಳುವುದಿಲ್ಲ. ನಮ್ಮದನ್ನು ಹೊಗಳಲು ಹೊರಗಿನವರ ಹೆಸರು ತಗುಲಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ಅಕಿಲೀಸನ ಸಿಟ್ಟಿಗೆ ಅವನ ಕೈಯಲ್ಲಿ ಈಟಿ ಇತ್ತು, ಹಿಂದೆ ಸೈನ್ಯ ಇತ್ತು. ಅವನು ಸುಮ್ಮನೆ ಕೂತರೆ ಸಾಕು, ಊರೆಲ್ಲ ಬಂದು ಕಾಲು ಹಿಡಿಯುತ್ತದೆ. ಸಿರಿಯ ಕಂಕುಳಲ್ಲಿ ಹಸುಗೂಸು ಕುಮಾರ ಇದ್ದ, ಜೊತೆಗೆ ದಾರು ಎಂಬ ಕೆಲಸದವಳು ಒಬ್ಬಳು. ಅಷ್ಟರಲ್ಲೇ ಅವಳು ಗಂಡನಿಂದ ಬಿಡುಗಡೆ ಪಡೆದು ಹೊರಡುತ್ತಾಳೆ. ಮುಂದೆ ಕೊಡ್ಸರ ಆಳ್ವನನ್ನು ಮದುವೆಯಾಗುತ್ತಾಳೆ. ಇಲಿಯಡ್ಡಿನಲ್ಲಿ ಇಷ್ಟು ದೊಡ್ಡ ಜಗಳಕ್ಕೆ ಕಾರಣಳಾದ ಬ್ರೈಸಿಸಳಿಗೆ ಮಾತಾಡಲು ಸಿಗುವುದು ಒಂದೇ ಸಲ, ಅದೂ ಪೆಟ್ರೋಕ್ಲಸನ ಹೆಣದ ಮುಂದೆ ಅಳುವಾಗ. ಒಡಿಸ್ಸಿಯಲ್ಲಿ ಪೆನೆಲೋಪೆ ಗಂಡನಿಗಾಗಿ ಇಪ್ಪತ್ತು ವರ್ಷ ಕಾಯುತ್ತಾಳೆ, ಹಗಲು ನೇಯ್ದ ಬಟ್ಟೆಯನ್ನು ರಾತ್ರಿ ಬಿಚ್ಚುತ್ತಾಳೆ. ಅಲ್ಲಿಯೂ ಬಟ್ಟೆ, ಇಲ್ಲಿಯೂ ಬಟ್ಟೆ. ಅಲ್ಲಿ ಕಾಯುವುದಕ್ಕೆ, ಇಲ್ಲಿ ಹೊರಡುವುದಕ್ಕೆ. ಮಹಾಕಾವ್ಯ ಎಂದರೆ ಗಂಡಸರ ಯುದ್ಧ ಎಂಬುದು ನಮ್ಮ ತಲೆಯಲ್ಲಿ ಕೂತಿದೆ. ಸಿರಿ ಕಾವ್ಯದಲ್ಲಿ ಮೂರು ತಲೆಮಾರಿನ ಹೆಂಗಸರ ಕಥೆ ಇದೆ. ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ, ದಾರಗ. ಹದಿನೈದು ಸಾವಿರ ಸಾಲು.

ಅಬ್ಬಗ ದಾರಗರ ಹೆಸರು ಬಂದಾಗ ಹಿಂದೆ ಕೂತಿರುವ ಅಮ್ಮಂದಿರು ತಲೆ ಅಲ್ಲಾಡಿಸಿದ್ದು ಕಂಡಿತು. ಅಕ್ಕತಂಗಿಯರು ಚೆನ್ನೆಮಣೆಯ ಎದುರುಬದುರು ಕೂರಬಾರದು ಎಂದು ನಮ್ಮ ಮನೆಯಲ್ಲಿಯೂ ಹೇಳುತ್ತಿದ್ದರು. ಆಟದಲ್ಲಿ ಜಗಳ ಹತ್ತಿ ಒಬ್ಬಳ ಕೈಯಿಂದ ಇನ್ನೊಬ್ಬಳು ಸಾಯುತ್ತಾಳೆ, ಉಳಿದವಳು ಬಾವಿಗೆ ಹಾರುತ್ತಾಳೆ. ಇಲಿಯಡ್ಡಿನ ಇಪ್ಪತ್ತಮೂರನೇ ಸರ್ಗದಲ್ಲಿ ಸತ್ತ ಪೆಟ್ರೋಕ್ಲಸ್ ಅಕಿಲೀಸನ ಕನಸಿನಲ್ಲಿ ಬಂದು ತನ್ನ ಬಾಲ್ಯ ನೆನಪಿಸುತ್ತಾನೆ. ಅವನು ಚಿಕ್ಕವನಿದ್ದಾಗ ದಾಳದ ಆಟದ ಜಗಳದಲ್ಲಿ ಸಿಟ್ಟಿನಿಂದ ಇನ್ನೊಬ್ಬ ಹುಡುಗನನ್ನು ಕೊಂದಿದ್ದ, ಬೇಕೆಂದು ಅಲ್ಲ. ಅದಕ್ಕೇ ಊರು ಬಿಟ್ಟು ಅಕಿಲೀಸನ ಮನೆಗೆ ಬಂದು ಸೇರಿದ್ದು. ಇಡೀ ಕಾವ್ಯದ ದೊಡ್ಡ ಸ್ನೇಹದ ಬುಡದಲ್ಲಿ ಮಕ್ಕಳ ಆಟದ ಒಂದು ಕೊಲೆ ಇದೆ. ಇವರಿಂದ ಅವರಿಗೆ ಹೋಯಿತು, ಅವರಿಂದ ಇವರಿಗೆ ಬಂತು ಎಂದು ಹೇಳಲು ನನ್ನ ಹತ್ತಿರ ಏನೂ ಆಧಾರ ಇಲ್ಲ, ಹೇಳುವ ಅಗತ್ಯವೂ ಇಲ್ಲ. ಮಕ್ಕಳು ಆಟದಲ್ಲಿ ಎಷ್ಟು ಸಿಟ್ಟಾಗುತ್ತಾರೆ ಎಂದು ಈ ಶಾಲೆಯ ಮೈದಾನದಲ್ಲಿ ಆಡಿದ ಯಾರಿಗೂ ಗೊತ್ತು.

ಬಿ.ಎಂ.ಶ್ರೀ. ಅವರ ವಿಷಯ ಹೇಳುತ್ತೇನೆ ಅಂದಿದ್ದೆ. ಅಕಿಲೀಸ್ ಸತ್ತ ಮೇಲೆ ಅವನ ಕವಚ 'ತನಗೆ ಬರಬೇಕಿತ್ತು' ಎಂದು ಅಜಾಕ್ಸ್ ಎಂಬ ವೀರನಿಗೆ ಅನಿಸುತ್ತದೆ, ಆದರೆ ಅದು ಒಡಿಸ್ಯೂಸನ ಪಾಲಾಗುತ್ತದೆ. ಅವಮಾನದಿಂದ ಅಜಾಕ್ಸನಿಗೆ ಬುದ್ಧಿಭ್ರಮಣೆಯಾಗಿ, ಶತ್ರುಗಳೆಂದು ತಿಳಿದು ದನ ಕುರಿಗಳನ್ನು ಕಡಿದುಹಾಕುತ್ತಾನೆ. ಎಚ್ಚರ ಬಂದಾಗ ನಾಚಿಕೆಯಿಂದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಸೋಫೋಕ್ಲಿಸನ ಈ ನಾಟಕವನ್ನು ಬಿ.ಎಂ.ಶ್ರೀ. ಅವರು ಮಹಾಭಾರತಕ್ಕೆ ತಂದು, ಅಜಾಕ್ಸನ ಜಾಗದಲ್ಲಿ ಅಶ್ವತ್ಥಾಮನನ್ನು ಇಟ್ಟು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಚಿರಂಜೀವಿಯಾದ ಅಶ್ವತ್ಥಾಮ ಅಲ್ಲಿ ಸಾಯುತ್ತಾನೆ. ಆ ಧೈರ್ಯ ಸಣ್ಣದಲ್ಲ. ಕನ್ನಡದ ಪಂಡಿತರು ಗ್ರೀಕರ ಅಭಿಮಾನದ ಕಥೆಗೆ ನಮ್ಮಲ್ಲಿ ಜೋಡಿ ಹುಡುಕುವಾಗ ಸಂಸ್ಕೃತ ಮಹಾಭಾರತದ ಕಡೆ ನೋಡಿದರು, ಅದು ಸಹಜ. ಅದೇ ಹೊತ್ತಿನಲ್ಲಿ ಗದ್ದೆಯಲ್ಲಿ ಬೆನ್ನು ಬಾಗಿಸಿದವರ ಬಾಯಲ್ಲಿ ಸಿರಿ ಇದ್ದಳು. ಅವಳನ್ನು ಕೇಳಲು ಇನ್ನೂ ಅರುವತ್ತು ವರ್ಷ ಬೇಕಾಯಿತು.

ಸಿರಿ ಕಾವ್ಯಕ್ಕೂ ಇಲಿಯಡ್ಡಿಗೂ ಇರುವ ಇನ್ನೊಂದು ವ್ಯತ್ಯಾಸ ಹೇಳದಿದ್ದರೆ ತಪ್ಪಾಗುತ್ತದೆ. ಇಲಿಯಡ್ಡನ್ನು ಗ್ರೀಕರು ಕೇಳುತ್ತಿದ್ದರು. ಅಥೆನ್ಸಿನ ದೊಡ್ಡ ಹಬ್ಬದಲ್ಲಿ ಅದನ್ನು ಹೇಳುವವರಿಗೆ ಸ್ಪರ್ಧೆ ಇತ್ತು. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಅಯಾನ್ ಎಂಬ ಹಾಡುಗಾರ, ಕರುಣೆಯ ಭಾಗ ಬಂದಾಗ ತನ್ನ ಕಣ್ಣು ತುಂಬುತ್ತದೆ, ಭಯದ ಭಾಗದಲ್ಲಿ ಕೂದಲು ನಿಮಿರುತ್ತದೆ ಎಂದು ಹೇಳಿಕೊಳ್ಳುತ್ತಾನೆ. ಅದು ವಿದ್ಯೆಯಲ್ಲ, ಮೈಮೇಲೆ ಬರುವುದು ಎಂದು ಸಾಕ್ರಟೀಸ್ ಅವನನ್ನು ಸ್ವಲ್ಪ ಛೇಡಿಸುತ್ತಾನೆ. ನಮ್ಮ ಸಿರಿ ಜಾತ್ರೆಯಲ್ಲಿ ಇದು ಛೇಡಿಸುವ ಮಾತಲ್ಲ. ನಂದಳಿಕೆ, ಕವತ್ತಾರು, ಹಿರಿಯಡ್ಕಗಳಲ್ಲಿ ಹುಣ್ಣಿಮೆ ರಾತ್ರಿ ಹೆಂಗಸರು ಹಿಂಗಾರ ಹಿಡಿದು ಸಾಲಾಗಿ ನಿಂತು ಸಿರಿಯಾಗಿ, ಸೊನ್ನೆಯಾಗಿ, ಅಬ್ಬಗ ದಾರಗರಾಗಿ ಮಾತಾಡುತ್ತಾರೆ. ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಆ ಹೆಸರಿನಲ್ಲಿ ಹೇಳುತ್ತಾರೆ. ಗೋಪಾಲ ನಾಯ್ಕರು ಬರೀ ಹಾಡುಗಾರರಲ್ಲ, ಜಾತ್ರೆಯಲ್ಲಿ ಕುಮಾರನಾಗಿ ನಿಂತು ಈ ಹೆಂಗಸರನ್ನು ಮಾತಾಡಿಸುತ್ತಿದ್ದವರು. ಇಲಿಯಡ್ಡಿಗೆ ಈಗ ಓದುಗರು ಉಳಿದಿದ್ದಾರೆ. ಸಿರಿಗೆ ಇನ್ನೂ ಬೇಕಾದವರು ಇದ್ದಾರೆ.

ಹಾಗಾದರೆ ಎಲ್ಲ ಚೆನ್ನಾಗಿದೆಯೇ? ಇಲ್ಲ. ಗ್ರೀಕರಿಂದಲೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಟ್ರಾಯ್ ಯುದ್ಧದ ಬಗ್ಗೆ ಅವರಲ್ಲಿ ಇದ್ದದ್ದು ಇವೆರಡೇ ಕಾವ್ಯ ಅಲ್ಲ. ಯುದ್ಧ ಹೇಗೆ ಶುರುವಾಯಿತು, ಅಕಿಲೀಸ್ ಹೇಗೆ ಸತ್ತ, ಕವಚದ ಜಗಳ, ಟ್ರಾಯ್ ಹೇಗೆ ಬಿತ್ತು, ವೀರರು ಮನೆಗೆ ಹೇಗೆ ಮರಳಿದರು, ಒಡಿಸ್ಯೂಸ್ ಕೊನೆಗೆ ಏನಾದ, ಇವಕ್ಕೆಲ್ಲ ಬೇರೆ ಬೇರೆ ಕಾವ್ಯಗಳಿದ್ದವು. ಅಂಥ ಆರು ಕಾವ್ಯಗಳು ಈಗ ಇಲ್ಲ. ಉಳಿದದ್ದು ಅಲ್ಲೊಂದು ಇಲ್ಲೊಂದು ತುಣುಕು ಮತ್ತು ಬಹಳ ಕಾಲದ ಮೇಲೆ ಯಾರೋ ಬರೆದಿಟ್ಟ ಕಥಾಸಾರಾಂಶ. ಏನು ನಡೆಯಿತು ಎಂದು ಗೊತ್ತು, ಹೇಗೆ ಹೇಳಿದ್ದರು ಎಂದು ಗೊತ್ತಿಲ್ಲ.

ನನ್ನ ಅಜ್ಜಿಯ ಪಾಡ್ದನಗಳದ್ದೂ ಈಗ ಇದೇ ಸ್ಥಿತಿ. ಅಮ್ಮನಿಗೆ ಕಥೆ ಎಲ್ಲ ಗೊತ್ತು. ಯಾರ ಮಗಳು, ಯಾವ ಬೀಡು, ಯಾರಿಗೆ ಕೊಟ್ಟರು, ಎಲ್ಲಿ ಮಾಯವಾದಳು ಎಂದು ಹೇಳುತ್ತಾರೆ. ಹಾಡು ಎಂದು ಕೇಳಿದರೆ ಏಳೆಂಟು ಸಾಲು ಬರುತ್ತದೆ, ಮುಂದೆ ರಾಗ ಮಾತ್ರ. ನನ್ನ ಫೋನಿನಲ್ಲಿ ಆ ಏಳೆಂಟು ಸಾಲು ಒಂದು ನಿಮಿಷ ನಲವತ್ತು ಸೆಕೆಂಡಿನ ಕಡತ. ನೆನಪಿನ ಶಕ್ತಿ ಕಡಿಮೆಯಾದದ್ದಲ್ಲ. ಅಮ್ಮನ ನೆನಪು ನನಗಿಂತ ಗಟ್ಟಿ. ಗದ್ದೆ ಹೋಯಿತು, ಅಷ್ಟೆ. ಈ ಶಾಲೆಗೆ ನಾವು ನಡೆದು ಬರುತ್ತಿದ್ದ ಬದುಗಳ ಜಾಗದಲ್ಲಿ ಈಗ ಲಿಫ್ಟ್ ಇರುವ ಕಟ್ಟಡಗಳಿವೆ. ನನ್ನಂಥವರೇ ಅಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದೇವೆ, ಯಾರನ್ನು ದೂರುವುದು? ನೆಡುವ ನೇಜಿ ಇಲ್ಲದೆ ನೆಡುವಾಗಿನ ಹಾಡು ಎಲ್ಲಿ ನಿಲ್ಲಬೇಕು? ಅದನ್ನು ಎತ್ತಿಕೊಳ್ಳುವ ಹತ್ತು ಹೆಂಗಸರ ಸಾಲು ಬೇಕು, ಬದುವಿನ ಆ ತುದಿ ಬೇಕು.

ಗೂಗಲ್ ಅನುವಾದಕ್ಕೆ 2024ರಲ್ಲಿ ತುಳು ಸೇರಿತು. ನಮ್ಮ ಬ್ಯಾಚಿನ ಗುಂಪಿನಲ್ಲಿ ಅವತ್ತು ಸಂಭ್ರಮ. ಒಳ್ಳೆಯದೇ. ಆದರೆ ಯಂತ್ರ ಕಲಿಯುವುದು ನಾವು ಕೊಟ್ಟದ್ದರಿಂದ. ನಾವು ಈಗ ಕೊಡುತ್ತಿರುವುದು ಹೆಚ್ಚಾಗಿ ಕಾಮಿಡಿ ವಿಡಿಯೊಗಳ ತುಳು. ಪಾಡ್ದನದ ತುಳುವಿನಲ್ಲಿ ಬರುವ ಎಷ್ಟೋ ಮಾತು ನನಗೇ ತಿಳಿಯುವುದಿಲ್ಲ. ತುಳು ಮಾತ್ರವಲ್ಲ, ನಮ್ಮ ತರಗತಿಯಲ್ಲಿ ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನವರು ಅಷ್ಟೇ ಮಂದಿ ಇದ್ದರು. ಮದುವೆಯ ಮನೆಯಲ್ಲಿ ಬ್ಯಾರಿ ಹೆಂಗಸರು ಹಾಡುತ್ತಿದ್ದ ಹಾಡು, ರೋಸಿನ ದಿನದ ಕೊಂಕಣಿ ವೊವಿಯೊ, ಇವೂ ಬಾಯಿಯಲ್ಲೇ ಇದ್ದವು. ಅವುಗಳಿಗೂ ಯಾರೂ ಸಾಲಿನ ಲೆಕ್ಕ ಹಾಕಿಲ್ಲ.

ಅದಕ್ಕಾಗಿ ಇವತ್ತು ಒಂದು ಸಣ್ಣ ವ್ಯವಸ್ಥೆ ಮಾಡಿದ್ದೇವೆ. ನಮ್ಮ ಬ್ಯಾಚಿನ ನಾಲ್ಕು ಜನ ಸೇರಿ ಎರಡು ಒಳ್ಳೆಯ ಮೈಕ್ ತಂದಿದ್ದೇವೆ. ಊಟದ ನಂತರ ಒಂಬತ್ತನೇ ತರಗತಿಯ ಕೋಣೆಯಲ್ಲಿ ಇಡುತ್ತೇವೆ. ಫ್ಯಾನ್ ಆಫ್ ಮಾಡಬೇಕಾಗುತ್ತದೆ, ಸೆಕೆಗೆ ಕ್ಷಮೆ ಇರಲಿ. ನಿಮಗೆ ಬರುವುದನ್ನು ಹಾಡಿ, ಯಾವ ಭಾಷೆಯಾದರೂ ಸರಿ. ಯಾರಿಂದ ಕಲಿತದ್ದು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದದ್ದು ಎಂದು ಎರಡು ಮಾತು ಹೇಳಿ. ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿ ಇರುತ್ತದೆ, ಒಂದು ಪ್ರತಿ ನಿಮ್ಮ ಮನೆಗೆ. ನೀವು ಬೇಡ ಅಂದರೆ ಬೇರೆ ಎಲ್ಲಿಯೂ ಹಾಕುವುದಿಲ್ಲ. ಪೂರ್ತಿ ಬರಬೇಕೆಂದಿಲ್ಲ. ನಾಲ್ಕು ಸಾಲು ಬಂದರೂ ಸಾಕು, ಮರೆತ ಜಾಗದಲ್ಲಿ ರಾಗ ಮಾತ್ರ ಎಳೆದರೂ ನಡೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಆ ಸಾಲು ನೆನಪಿರಬಹುದು. ನನ್ನ ಅಮ್ಮ ಮೊದಲು ಹಾಡುತ್ತಾರೆ. ಒಬ್ಬರೇ ಹಾಡಲು ನಾಚಿಕೆ, ಎತ್ತಿಕೊಳ್ಳಲು ಯಾರಾದರೂ ಬೇಕು ಎಂದಿದ್ದಾರೆ.